ಕಡಲು ಬಿಟ್ಟು ಕಲ್ಲುಕ್ವಾರಿಯಲ್ಲಿ ಮುಳುಗುವುದೇಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನ ಮಗ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಎರಡು ವರ್ಷದ ಹಿಂದೆ ರಜೆಗೆ ಊರಿಗೆ ಬಂದಿದ್ದಾಗ ಗೆಳೆಯರೊಡನೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬಂದ. ಅಲ್ಲಿನ ಹವಳ ಮತ್ತು ಬಣ್ಣದ ಮೀನುಗಳ ವಿಡಿಯೊ ನೋಡಿ ನಾವೆಲ್ಲರೂ ಸಂತೋಷಪಟ್ಟೆವು. ಈಗ ಅವನು ಅಲ್ಲಿಯೇ ಒಂದು ಕ್ಲಬ್ಬಿಗೆ ಸೇರಿ, ಸ್ಟೋನಿ ಸ್ಟ್ಯಾಂಟನ್ ಎಂಬ ಹಳ್ಳಿಯ ಪಕ್ಕದಲ್ಲಿರುವ, ನೀರು ತುಂಬಿದ ಹಳೆಯ ಕಲ್ಲುಕ್ವಾರಿಯೊಂದಕ್ಕೆ ಹೆಚ್ಚುಕಡಿಮೆ ಪ್ರತಿ ಭಾನುವಾರವೂ ಹೋಗಿ ಮುಳುಗುತ್ತಿದ್ದಾನೆ. ಕಳುಹಿಸಿದ ವಿಡಿಯೊದಲ್ಲಿ ಹಸಿರು ಮಬ್ಬು ಮತ್ತು ತುಕ್ಕು ಹಿಡಿದ ಒಂದು ಹಡಗು ಬಿಟ್ಟರೆ ಬೇರೇನೂ ಕಾಣಲಿಲ್ಲ. ಜನವರಿಯ ಚಳಿಯಲ್ಲಿಯೂ ಬಿಡದೆ ಹೋಗುತ್ತಾನೆ. ನಮ್ಮ ಕಡೆ ಕ್ವಾರಿ ಹೊಂಡವೆಂದರೆ ಈಜಲು ಹೋದ ಮಕ್ಕಳು ತೀರಿಕೊಂಡ ಸುದ್ದಿಯೇ ನೆನಪಾಗುತ್ತದೆ. ಸಮುದ್ರವನ್ನು ಕಂಡವನು ಹೊಂಡಕ್ಕೆ ಏಕೆ ಹೋಗುತ್ತಾನೆ? ಅದರಲ್ಲಿ ಅಪಾಯವಿಲ್ಲವೇ?
— ಮೈಸೂರಿನ ಓದುಗರೊಬ್ಬರು

ಉತ್ತರ: ತಾಯಿ, ನಿಮ್ಮ ಮೊದಲ ಪ್ರಶ್ನೆಗೆ ವಿವರವಾಗಿ ಉತ್ತರಿಸಿದರೆ ಎರಡನೆಯದರ ಉತ್ತರದ ಬಹುಭಾಗ ಅದರೊಳಗೇ ಸಿಗುತ್ತದೆ. ಆದ್ದರಿಂದ ಆ ಕ್ವಾರಿಯಿಂದಲೇ ಆರಂಭಿಸುತ್ತೇನೆ.

ನೀವು ಕೊಟ್ಟ ವಿವರದಿಂದ ನಿಮ್ಮ ಮಗ ಹೋಗುತ್ತಿರುವುದು ಸ್ಟೋನಿ ಕೋವ್ ಎಂಬ ಸ್ಥಳಕ್ಕೆ ಎಂದು ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ಗಟ್ಟಿಯಾದ ಕಲ್ಲನ್ನು ಒಡೆದು ತೆಗೆಯುತ್ತಿದ್ದರು. 1958ರಲ್ಲಿ ಆ ಕೆಲಸ ನಿಂತಿತು. ಆಳಕ್ಕೆ ಇಳಿದ ಯಾವ ಕ್ವಾರಿಯಲ್ಲಿಯೂ ಸುತ್ತಲಿನ ನೆಲದಿಂದ ನೀರು ಒಸರುತ್ತಲೇ ಇರುತ್ತದೆ ಮತ್ತು ಕೆಲಸ ನಡೆಯುವಷ್ಟು ಕಾಲ ಪಂಪುಗಳು ಹಗಲಿರುಳು ಅದನ್ನು ಹೊರಗೆ ಹಾಕುತ್ತಿರುತ್ತವೆ. ಪಂಪು ನಿಂತ ದಿನದಿಂದ ಒರತೆಯ ನೀರು ಹೊಂಡವನ್ನು ತುಂಬತೊಡಗುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅದರ ಸುರಂಗಗಳಲ್ಲಿ ನೀರು ಏರಿದ್ದೂ ಇದೇ ಕಾರಣದಿಂದ. ಒರತೆಯ ನೀರು ಹರಿದು ಬರುವ ಹೊಳೆಯ ನೀರಿನಂತೆ ಮಣ್ಣನ್ನು ಹೊತ್ತು ತರುವುದಿಲ್ಲವಾದ್ದರಿಂದ ಇಂಥ ಕ್ವಾರಿಗಳ ನೀರು ಸಾಮಾನ್ಯ ಕೆರೆಗಿಂತ ತಿಳಿಯಾಗಿರುತ್ತದೆ.

ಕಲ್ಲು ತೆಗೆಯುವವರು ಒಂದೇ ಸಲ ಬಾವಿಯಂತೆ ನೇರವಾಗಿ ಕೊರೆಯುವುದಿಲ್ಲ. ಒಂದು ಹಂತವನ್ನು ಅಗಲವಾಗಿ ತೆಗೆದು, ಅದರ ಕೆಳಗೆ ಇನ್ನೊಂದು ಹಂತಕ್ಕೆ ಇಳಿಯುತ್ತಾರೆ. ಹೀಗಾಗಿ ನೀರು ತುಂಬಿದ ಕ್ವಾರಿ ನಮ್ಮ ದೇವಸ್ಥಾನದ ಕಲ್ಯಾಣಿಯನ್ನು ಹೋಲುತ್ತದೆ, ಮೆಟ್ಟಿಲುಗಳು ಮಾತ್ರ ದೈತ್ಯ ಗಾತ್ರದವು. ಸ್ಟೋನಿ ಕೋವ್‌ನಲ್ಲಿ ಸುಮಾರು 6 ಮೀಟರ್ ಆಳದಲ್ಲಿ ಒಂದು ವಿಶಾಲವಾದ ಜಗಲಿಯಿದೆ, 20 ಮೀಟರ್ ದಾಟಿದ ಆಸುಪಾಸಿನಲ್ಲಿ ಇನ್ನೊಂದಿದೆ, ತಳ ಸುಮಾರು 36 ಮೀಟರ್‌ನಲ್ಲಿದೆ. ಮುಳುಗುವುದನ್ನು ಕಲಿಯುವವರಿಗೆಂದೇ ಯಾರೋ ಅಳತೆ ಕೊಟ್ಟು ಕಟ್ಟಿಸಿದಂತೆ ಈ ಜಗಲಿಗಳು ಒದಗಿಬಂದಿವೆ. ಅದು ಹೇಗೆಂದು ತಿಳಿಯಲು ನೀರಿನ ಒತ್ತಡದ ವಿಚಾರವನ್ನು ಸ್ವಲ್ಪ ನೋಡಬೇಕು.

ನೀರಿನ ಮೇಲ್ಮೈಯಲ್ಲಿ ನಮ್ಮ ಮೇಲೆ ವಾತಾವರಣದ ಒಂದು ಪಟ್ಟು ಒತ್ತಡವಿರುತ್ತದೆ. ಸುಮಾರು 10 ಮೀಟರ್ ಇಳಿದಾಗ ಅದು ಎರಡು ಪಟ್ಟಾಗುತ್ತದೆ, 20 ಮೀಟರ್‌ನಲ್ಲಿ ಮೂರು ಪಟ್ಟು, 30 ಮೀಟರ್‌ನಲ್ಲಿ ನಾಲ್ಕು ಪಟ್ಟು. ಒತ್ತಡ ಹೆಚ್ಚಿದಂತೆ ಗಾಳಿ ಕುಗ್ಗುತ್ತದೆ. ತೇಲುವುದನ್ನು ಹೊಂದಿಸಿಕೊಳ್ಳಲು ಮುಳುಗುವವನು ತೊಡುವ ಜಾಕೆಟ್ಟಿನೊಳಗಿನ ಒಂದು ಕೊಡ ಗಾಳಿ 10 ಮೀಟರ್‌ನಲ್ಲಿ ಅರ್ಧ ಕೊಡವಾಗುತ್ತದೆ, 20 ಮೀಟರ್‌ನಲ್ಲಿ ಮೂರನೆಯ ಒಂದು ಭಾಗವಾಗುತ್ತದೆ. ಅಂದರೆ ಅತಿ ದೊಡ್ಡ ಬದಲಾವಣೆ ನಡೆಯುವುದು ಮೊದಲ ಹತ್ತು ಮೀಟರ್‌ಗಳಲ್ಲಿಯೇ. ಆಳವೆಂದರೆ ಕಷ್ಟ, ಮೇಲೆ ಇದ್ದರೆ ಸುಲಭವೆಂದು ಹೊರಗಿನವರು ಭಾವಿಸುತ್ತಾರೆ. ಆದರೆ ಏಳದೆ, ಮುಳುಗದೆ, ಒಂದೇ ಮಟ್ಟದಲ್ಲಿ ತೇಲಿ ನಿಲ್ಲುವುದು 5–6 ಮೀಟರ್ ಆಳದಲ್ಲಿಯೇ ಹೆಚ್ಚು ಕಠಿಣ. ಒಂದು ದೊಡ್ಡ ಉಸಿರೆಳೆದರೆ ಸಾಕು, ದೇಹ ಮೇಲೇಳುತ್ತದೆ; ಏಳುತ್ತಿದ್ದಂತೆ ಜಾಕೆಟ್ಟಿನ ಗಾಳಿ ಹಿಗ್ಗಿ ಇನ್ನಷ್ಟು ವೇಗವಾಗಿ ಎತ್ತುತ್ತದೆ. ಆಗ ಹೊಸಬನು ಗಾಬರಿಯಿಂದ ಉಸಿರು ಕಟ್ಟಿದರೆ ಶ್ವಾಸಕೋಶಕ್ಕೆ ಗಂಭೀರ ಪೆಟ್ಟಾಗಬಹುದು. ಈ ಪಾಠವನ್ನು ಕಲಿಯಲು ಕಾಲ ಕೆಳಗೆ ನೆಲವಿರುವ, ಅಲೆಯ ಎಳೆತವಿಲ್ಲದ, 6 ಮೀಟರ್ ಆಳದ ಜಗಲಿಗಿಂತ ಸೂಕ್ತವಾದ ಸ್ಥಳ ಇನ್ನೊಂದಿಲ್ಲ.

ಇನ್ನು ಸಮುದ್ರದ ವಿಚಾರ. ಇಂಗ್ಲೆಂಡ್ ದ್ವೀಪರಾಷ್ಟ್ರದ ಭಾಗವೆಂಬುದು ನಿಜ, ಆದರೆ ಲೆಸ್ಟರ್ ಆ ದೇಶದಲ್ಲಿ ಕಡಲಿನಿಂದ ಅತ್ಯಂತ ದೂರವಿರುವ ನಗರಗಳಲ್ಲಿ ಒಂದು. ಕಾರಿನಲ್ಲಿ ಎರಡು–ಮೂರು ಗಂಟೆ ಪ್ರಯಾಣ ಮಾಡಿ ದಡ ಸೇರಿದರೂ ಮುಳುಗುವ ಭರವಸೆಯಿಲ್ಲ. ಬ್ರಿಟನ್ನಿನ ಸುತ್ತಲಿನ ಸಮುದ್ರದಲ್ಲಿ ಉಬ್ಬರವಿಳಿತದ ಸೆಳೆತ ಬಲು ಜೋರು. ಬ್ರಿಸ್ಟಲ್ ಕಾಲುವೆಯೆಂಬ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ 14 ಮೀಟರ್‌ವರೆಗೆ ವ್ಯತ್ಯಾಸ ಕಾಣುವುದುಂಟು. ಅನೇಕ ಕಡೆ ಒಂದು ದಿಕ್ಕಿನ ಸೆಳೆತ ನಿಂತು ಇನ್ನೊಂದು ದಿಕ್ಕಿನದು ಶುರುವಾಗುವ ನಡುವಿನ ಅಲ್ಪಾವಧಿಯಲ್ಲಿ ಮಾತ್ರ ನೀರಿಗಿಳಿಯಲು ಸಾಧ್ಯ. ಅದಕ್ಕೆ ಗಾಳಿ, ಮಂಜು, ಚಳಿಗಾಲದ ಬಿರುಗಾಳಿಗಳು ಸೇರಿದರೆ ತಿಂಗಳ ಮುಂಚೆ ಗೊತ್ತುಮಾಡಿದ ದೋಣಿಯೂ ದಕ್ಕೆ ಬಿಟ್ಟು ಹೊರಡುವುದಿಲ್ಲ. ನಮ್ಮ ಕರಾವಳಿಯಲ್ಲಿಯೂ ಮಳೆಗಾಲ ಆರಂಭವಾಯಿತೆಂದರೆ ನೇತ್ರಾಣಿಯ ಡೈವಿಂಗ್ ನಿಲ್ಲುತ್ತದೆ. ಕ್ವಾರಿಗೆ ಅಂಥ ಋತುಗಳಿಲ್ಲ. ಗಾಳಿ ಬೀಸಿದರೂ ಮೇಲೆ ಸಣ್ಣ ಅಲೆ ಏಳುವುದಷ್ಟೇ. ಕೆಳಗಿನ ನೀರು ಅಲುಗುವುದಿಲ್ಲ.

ಆದರೆ ‘ಹತ್ತಿರವಿದೆ, ಅದಕ್ಕೆ ಹೋಗುತ್ತಾರೆ’ ಎಂದು ಇಲ್ಲಿಗೇ ನಿಲ್ಲಿಸಿದರೆ ನಿಮ್ಮ ಮಗನಿಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಮೈಸೂರಿನವರಾದ ನಿಮಗೆ ಗರಡಿಮನೆಯ ಪರಿಚಯವಿರುತ್ತದೆ. ದಸರೆಯ ಕುಸ್ತಿಯನ್ನು ನೋಡಲು ಊರೇ ಸೇರುತ್ತದೆ, ಆದರೆ ಪೈಲ್ವಾನನು ಬೆಳೆಯುವುದು ನೋಡುವವರಿಲ್ಲದ ಗರಡಿಯ ಮಟ್ಟಿಯಲ್ಲಿ, ಅದೇ ಕೆಂಪು ಮಣ್ಣಿನಲ್ಲಿ, ಅದೇ ಪಟ್ಟುಗಳನ್ನು ವರ್ಷವಿಡೀ ಹಾಕುತ್ತ. ಸ್ಕೂಬಾ ಕೂಡ ಅಂಥ ದೇಹವಿದ್ಯೆ. ಮಾಸ್ಕಿನೊಳಗೆ ನೀರು ನುಗ್ಗಿದಾಗ ಮೂಗಿನಿಂದ ಗಾಳಿ ಬಿಟ್ಟು ಹೊರಹಾಕುವುದು, ಬಾಯಿಂದ ಕಳಚಿದ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ಸಾಧನ) ಹುಡುಕಿ ಮತ್ತೆ ಕಚ್ಚಿಕೊಳ್ಳುವುದು, ಗಾಳಿ ಮುಗಿದ ಜೊತೆಗಾರನಿಗೆ ತನ್ನ ಎರಡನೆಯ ಕೊಳವೆಯನ್ನು ಕೊಟ್ಟು ಇಬ್ಬರೂ ಕೂಡಿ ನಿಧಾನವಾಗಿ ಮೇಲೇರುವುದು, ಇವೆಲ್ಲವೂ ಯೋಚಿಸದೆ ಕೈಗೆ ಬರಬೇಕು. ಆರು ತಿಂಗಳು ಬಿಟ್ಟರೆ ಕೈ ಮರೆಯುತ್ತದೆ. ವರ್ಷಕ್ಕೊಮ್ಮೆ ಹವಳದ ಸಮುದ್ರಕ್ಕೆ ಹೋಗಿ ಬರುವವನು ಮೀನನ್ನು ನೋಡಲು ಹೋಗಿರುತ್ತಾನೆ. ಪ್ರತಿ ಭಾನುವಾರ ಕ್ವಾರಿಗೆ ಇಳಿಯುವವನು ಮುಳುಗುವುದಕ್ಕಾಗಿಯೇ ಹೋಗಿರುತ್ತಾನೆ. ಹಲವು ವರ್ಷ ಮುಳುಗಿದವನಾಗಿ ಹೇಳುತ್ತೇನೆ, ಈ ಎರಡನೆಯ ಆಸೆ ಮೊದಲನೆಯದಕ್ಕಿಂತ ಆಳವಾದದ್ದು. ತೂಕವಿಲ್ಲದೆ, ಸದ್ದಿಲ್ಲದೆ, ತನ್ನ ಉಸಿರಿನ ಏರಿಳಿತದಿಂದಲೇ ದೇಹವನ್ನು ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ ಸರಿಸುವ ಹತೋಟಿ ಬಂದ ದಿನ ಎದುರಿಗೆ ಹವಳವಿದೆಯೋ ಬರಿಯ ಬಂಡೆಯಿದೆಯೋ ಎಂಬುದು ಮುಖ್ಯವೆನಿಸುವುದಿಲ್ಲ.

ಉತ್ತರ ಸಮುದ್ರದಲ್ಲಿ ತೈಲ ಹುಡುಕುವ ಕೆಲಸ ಆರಂಭವಾದ 1960 ಮತ್ತು 70ರ ದಶಕಗಳಲ್ಲಿ ಆ ತೈಲವೇದಿಕೆಗಳ ಅಡಿಯಲ್ಲಿ ಕೆಲಸ ಮಾಡಬೇಕಾದ ವೃತ್ತಿಪರ ಮುಳುಗುಗಾರರಿಗೆ ತರಬೇತಿ ನಡೆದ ಸ್ಥಳಗಳಲ್ಲಿ ಸ್ಟೋನಿ ಕೋವ್ ಕೂಡ ಒಂದು ಎಂಬುದನ್ನು ಇಲ್ಲಿ ನೆನೆಯಬಹುದು.

ಮಬ್ಬು ಮತ್ತು ಚಳಿಯನ್ನು ನೀವು ಕೊರತೆಗಳೆಂದು ಕಂಡಿದ್ದೀರಿ. ಅಲ್ಲಿಗೆ ಹೋಗುವವರು ಅವುಗಳನ್ನು ಪಾಠವೆಂದೇ ಎಣಿಸುತ್ತಾರೆ. ಕ್ವಾರಿಯ ಜಗಲಿಗಳ ಮೇಲೆ ನುಣ್ಣನೆಯ ಗಸಿ ಕುಳಿತಿರುತ್ತದೆ. ಕಾಲನ್ನು ಮೇಲಕ್ಕೂ ಕೆಳಕ್ಕೂ ಬಡಿದರೆ ಅದು ಎದ್ದು, ಕ್ಷಣದಲ್ಲಿ ನೀರು ಬಗ್ಗಡವಾಗಿ, ಚಾಚಿದ ಕೈಯೇ ಕಾಣದಂತಾಗುತ್ತದೆ. ಆದ್ದರಿಂದ ಕ್ವಾರಿಯಲ್ಲಿ ಕಲಿತವರು ಮೊಣಕಾಲನ್ನು ಮಡಿಸಿ, ಪಾದಗಳನ್ನು ಎತ್ತಿ ಹಿಡಿದು, ಕಪ್ಪೆ ಈಜುವಂತೆ ನೀರನ್ನು ಹಿಂದಕ್ಕೆ ಮಾತ್ರ ತಳ್ಳುವುದನ್ನು ರೂಢಿಸಿಕೊಳ್ಳುತ್ತಾರೆ. ಇಂಥವರು ಹವಳದ ಸಮುದ್ರಕ್ಕೆ ಹೋದಾಗ ಅವರ ಕಾಲು ತಗುಲಿ ಹವಳ ಮುರಿಯುವುದಿಲ್ಲ. ದಿಕ್ಸೂಚಿ ನೋಡಿ ದಾರಿ ಹಿಡಿಯುವುದನ್ನೂ ಜೊತೆಗಾರನಿಂದ ಒಂದು ಮಾರಿಗಿಂತ ಹೆಚ್ಚು ದೂರ ಸರಿಯದಿರುವುದನ್ನೂ ಕಲಿಸುವುದು ಈ ಮಬ್ಬೇ. ನಮ್ಮಲ್ಲಿ ಹೊಳೆ, ನಾಲೆಗಳಲ್ಲಿ ಮುಳುಗಿದವರನ್ನು ಹುಡುಕಿ ತೆಗೆಯುವ ಮುಳುಗು ತಜ್ಞರಿಗೆ ಏನೂ ಕಾಣದ ನೀರಿನಲ್ಲಿ ಕೈಯಿಂದ ತಡಕಿ ಕೆಲಸ ಮಾಡುವುದು ನಿತ್ಯದ ಅನುಭವ. ಅವರ ಧೈರ್ಯಕ್ಕೆ ತಕ್ಕ ತರಬೇತಿ, ಸಲಕರಣೆಗಳು ಎಲ್ಲ ಕಡೆಯೂ ಅವರಿಗೆ ಸಿಗಬೇಕೆಂಬುದು ನನ್ನ ಬಹುಕಾಲದ ಬಯಕೆ.

ಚಳಿಯ ವಿಚಾರದಲ್ಲಿ ಪ್ರಕೃತಿಯ ಒಂದು ಸೊಗಸಾದ ನಿಯಮ ಅಡಗಿದೆ. ಸಿಹಿನೀರು ಅತ್ಯಂತ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ಹಗುರವಾಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಹಗುರವಾದ ನೀರು ಮೇಲೆ ನಿಲ್ಲುತ್ತದೆ, ತಣ್ಣನೆಯ ಭಾರವಾದ ನೀರು ಕೆಳಗೆ ಉಳಿಯುತ್ತದೆ. ಅಲ್ಲಾಡಿಸಲು ಸೆಳೆತವಿಲ್ಲದ ಕಾರಣ ಇವೆರಡೂ ಬೆರೆಯುವುದಿಲ್ಲ. ಇಂಗ್ಲೆಂಡಿನ ಆಳವಾದ ಕೆರೆಯೊಂದರಲ್ಲಿ ಆಗಸ್ಟ್ ತಿಂಗಳಲ್ಲಿ ಮೇಲೆ ಸುಮಾರು 18 ಡಿಗ್ರಿ ಇರುವಾಗ ತಳದಲ್ಲಿ 8 ಡಿಗ್ರಿಯ ಆಸುಪಾಸಿನಲ್ಲಿರಬಹುದು. ಎರಡು ಪದರಗಳು ಕೂಡುವ ಗೆರೆ ಎಷ್ಟು ಸ್ಪಷ್ಟವಾಗಿರುತ್ತದೆಂದರೆ, ಬೇಸಿಗೆಯ ಡಾಂಬರು ರಸ್ತೆಯ ಮೇಲೆ ಬಿಸಿಗಾಳಿ ನಲುಗುವಂತೆ ಅಲ್ಲಿ ನೀರು ನಲುಗುವುದು ಕಣ್ಣಿಗೆ ಕಾಣುತ್ತದೆ. ನಾನು ಮೊದಲ ಸಲ ಆ ಗೆರೆಯನ್ನು ದಾಟಿದಾಗ, ಉಡುಪು ಮುಚ್ಚದ ಕೆನ್ನೆಗಳಿಗೆ ತಣ್ಣನೆಯ ಲೋಹ ತಗುಲಿದಂತಾಗಿ, ಒಂದು ಗೇಣು ಮೇಲೇರಿ ಮತ್ತೆ ಇಳಿದು ನಾಲ್ಕಾರು ಬಾರಿ ಅದನ್ನೇ ಪರೀಕ್ಷಿಸಿದ್ದು ಇಂದಿಗೂ ನೆನಪಿದೆ. ಚಳಿಗಾಲ ಸಮೀಪಿಸಿ ಮೇಲಿನ ನೀರೂ ತಳದ ನೀರಿನಷ್ಟೇ ತಣ್ಣಗಾದಾಗ ಇಡೀ ಕೆರೆ ಮೇಲಿಂದ ಕೆಳಗೆ ಒಮ್ಮೆ ಮಗುಚಿ ಬೆರೆಯುತ್ತದೆ. ಪಾಚಿಯೂ ಕಡಿಮೆಯಾಗುವುದರಿಂದ ಆ ದಿನಗಳಲ್ಲಿ ನೀರು ವರ್ಷದಲ್ಲೇ ಹೆಚ್ಚು ತಿಳಿಯಾಗಿರುವುದುಂಟು. ನಿಮ್ಮ ಮಗ ಜನವರಿಯಲ್ಲಿ ಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸೆಳೆದುಕೊಳ್ಳುತ್ತದೆ. ಅದಕ್ಕಾಗಿ ಅಲ್ಲಿನವರು ಡ್ರೈ ಸೂಟ್ ಎಂಬ, ಕತ್ತು ಮತ್ತು ಮಣಿಕಟ್ಟಿನಲ್ಲಿ ಬಿಗಿಯಾಗಿ ಮುಚ್ಚುವ ಉಡುಪನ್ನು ಧರಿಸುತ್ತಾರೆ. ಅದರೊಳಗೆ ಉಣ್ಣೆಯಂಥ ಬೆಚ್ಚನೆಯ ಒಳ ಉಡುಪಿರುತ್ತದೆ, ನೀರು ಮೈಗೆ ತಾಗುವುದಿಲ್ಲ. ಅತಿ ತಣ್ಣನೆಯ ನೀರಿನಲ್ಲಿ ರೆಗ್ಯುಲೇಟರೇ ಹೆಪ್ಪುಗಟ್ಟುವ ಸಂಭವವಿದೆ. ಸಿಲಿಂಡರಿನೊಳಗೆ ಒತ್ತಿ ತುಂಬಿದ ಗಾಳಿ ಹೊರಬಂದು ಒಮ್ಮೆಲೇ ಹಿಗ್ಗುವಾಗ ತಣ್ಣಗಾಗಿ, ಕವಾಟದಲ್ಲಿ ಮಂಜುಗಡ್ಡೆ ಕಟ್ಟಿ, ಗಾಳಿ ನಿಲ್ಲದೆ ಭೋರೆಂದು ಸುರಿಯಬಹುದು. ಚಳಿನೀರಿಗೆಂದೇ ತಯಾರಾದ ರೆಗ್ಯುಲೇಟರನ್ನು ಬಳಸುವುದು, ಹಾಗಾದಾಗ ಏನು ಮಾಡಬೇಕೆಂದು ಮೊದಲೇ ಅಭ್ಯಾಸ ಮಾಡಿರುವುದು, ಇವೆರಡೂ ಅವನ ಕ್ಲಬ್ಬಿನ ಪಾಠದಲ್ಲಿ ಇರುತ್ತವೆ.

ವಿಡಿಯೊದಲ್ಲಿ ನೀವು ಕಂಡ ಹಡಗು ಬಹುಶಃ ಸ್ಟೇನ್‌ಗಾರ್ತ್ ಎಂಬ ಉಗಿದೋಣಿ. 1910ರಲ್ಲಿ ಕಟ್ಟಿದ, ಬೇರೆ ದೋಣಿಗಳನ್ನು ಎಳೆಯುವ ಕೆಲಸದ ಈ ದೋಣಿಯನ್ನು 2000ನೇ ಇಸವಿಯಲ್ಲಿ ಮುಳುಗುವವರಿಗಾಗಿಯೇ ಅಲ್ಲಿ ಮುಳುಗಿಸಿದರು. ವಿಮಾನವೊಂದರ ಮುಂಭಾಗ, ಹೆಲಿಕಾಪ್ಟರ್ ಮುಂತಾದವುಗಳನ್ನೂ ಆ ಕ್ವಾರಿಯ ನೀರಿಗಿಳಿಸಿದ್ದುಂಟು. ಸಮುದ್ರದ ಕತ್ತಲಲ್ಲಿ ನಿಜವಾದ ಒಡೆದ ಹಡಗನ್ನು ಹೊಗುವ ಮುನ್ನ ಅದರ ಬಾಗಿಲು, ಕಿಂಡಿಗಳ ಇಕ್ಕಟ್ಟು ಹೇಗಿರುತ್ತದೆಂದು ಇಲ್ಲಿ ಕಂಡುಕೊಳ್ಳಬಹುದು. ಜೀವಿಗಳೂ ಇಲ್ಲದಿಲ್ಲ. ಪೈಕ್ ಎಂಬ ಉದ್ದ ಮೂತಿಯ ಬೇಟೆಗಾರ ಮೀನು, ಪಟ್ಟೆಯ ಮೈಯ ಪರ್ಚ್, ಸಿಗಡಿಯ ಬಂಧುವಾದ ಕ್ರೇಫಿಶ್ ಅಲ್ಲಿವೆ. ಹತ್ತು ಮೀಟರ್ ಆಚೆ ಕಾಣದ ನೀರಿನಲ್ಲಿ ಒಂದು ಪೈಕ್ ಕಳೆಗಿಡಗಳ ನಡುವೆ ಅಲುಗದೆ ನಿಂತಿರುವುದನ್ನು ಹುಡುಕಿ ಕಂಡವನ ಸಂತೋಷ, ಹವಳದ ನಡುವೆ ನೂರು ಮೀನನ್ನು ಒಟ್ಟಿಗೆ ಕಂಡವನ ಸಂತೋಷಕ್ಕಿಂತ ಕಡಿಮೆಯದಲ್ಲ.

ಇದುವರೆಗೆ ಹೇಳಿದ್ದು ಅಭ್ಯಾಸಕ್ಕಾಗಿ ಮುಳುಗುವವರ ಮಾತು. ಸಮುದ್ರದಲ್ಲಿ ಎಲ್ಲಿಯೂ ಸಿಗದಿರುವುದನ್ನು ನೋಡಲೆಂದೇ ಸಿಹಿನೀರಿಗೆ ಇಳಿಯುವವರೂ ಇದ್ದಾರೆ. ಅಮೆರಿಕ ಮತ್ತು ಕೆನಡಾಗಳ ನಡುವಿನ ಮಹಾ ಸರೋವರಗಳು ಇದಕ್ಕೆ ಶ್ರೇಷ್ಠ ಉದಾಹರಣೆ. ಉಪ್ಪುನೀರಿನಲ್ಲಿ ಮರವನ್ನು ಕೊರೆದು ತಿನ್ನುವ, ಹುಳುವಿನಂತೆ ಕಾಣುವ ಒಂದು ಬಗೆಯ ಚಿಪ್ಪುಜೀವಿಯಿದೆ. ನಮ್ಮ ಕರಾವಳಿಯ ಮೀನುಗಾರರು ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದು ಇಂಥ ಕೊರೆಯುವ ಜೀವಿಗಳಿಂದ ಮರವನ್ನು ಉಳಿಸಿಕೊಳ್ಳಲು. ಸಿಹಿನೀರಿನ ಆ ಸರೋವರಗಳಲ್ಲಿ ಅದು ಬದುಕುವುದಿಲ್ಲ. ಮೇಲಾಗಿ ತಳದಲ್ಲಿ ವರ್ಷವಿಡೀ ಕೊರೆಯುವ ಚಳಿಯಿರುವುದರಿಂದ ಕೊಳೆಯುವಿಕೆಯೂ ನಿಧಾನ. ಹೀಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕು ಮುಳುಗಿದ ಮರದ ಹಡಗುಗಳಲ್ಲಿ ಕೆಲವು ತಮ್ಮ ಕೂವೆಕಂಬಗಳನ್ನು ಇನ್ನೂ ನೆಟ್ಟಗೆ ನಿಲ್ಲಿಸಿಕೊಂಡೇ ತಳದಲ್ಲಿ ಕುಳಿತಿವೆ. ಅಂಥ ಹಡಗುಗಳು ಹೆಚ್ಚಾಗಿರುವ ಹ್ಯೂರಾನ್ ಸರೋವರದ ಥಂಡರ್ ಬೇ ಪ್ರದೇಶವನ್ನು ಅಮೆರಿಕ 2000ನೇ ಇಸವಿಯಲ್ಲಿ ರಾಷ್ಟ್ರೀಯ ರಕ್ಷಿತ ಪ್ರದೇಶವೆಂದು ಘೋಷಿಸಿತು. ಹೊರಗಿನಿಂದ ಬಂದು ಸೇರಿದ ಸಣ್ಣ ಚಿಪ್ಪುಜೀವಿಗಳು ಈಗ ಅಲ್ಲಿ ಒಂದು ವಿಚಿತ್ರ ಸಂದಿಗ್ಧ ತಂದಿವೆ: ಅವು ನೀರನ್ನು ಸೋಸಿ ತಿಳಿಯಾಗಿಸುವುದರಿಂದ ಹಡಗುಗಳು ಹಿಂದೆಂದಿಗಿಂತ ಚೆನ್ನಾಗಿ ಕಾಣುತ್ತವೆ, ಆದರೆ ಅದೇ ಚಿಪ್ಪುಗಳು ಹಡಗಿನ ಮೈಗೆಲ್ಲ ಮೆತ್ತಿಕೊಂಡು ಅದನ್ನು ಮುಚ್ಚುತ್ತಿವೆ.

ಐಸ್‌ಲ್ಯಾಂಡಿನ ಥಿಂಗ್‌ವೆಟ್ಲಿರ್ ಬಳಿಯ ಸಿಲ್ಫ್ರಾ ಎಂಬ ನೀರಿನ ಬಿರುಕು ಇನ್ನೊಂದು ವಿಸ್ಮಯ. ಉತ್ತರ ಅಮೆರಿಕ ಮತ್ತು ಯೂರೇಷ್ಯದ ಭೂಫಲಕಗಳು ದೂರ ಸರಿಯುತ್ತಿರುವ ಪ್ರದೇಶದಲ್ಲಿ ಅದಿದೆ. ಹಿಮನದಿಯ ಕರಗಿದ ನೀರು ದಶಕಗಳ ಕಾಲ ಲಾವಾಕಲ್ಲಿನ ಮೂಲಕ ಸೋಸಿಕೊಂಡು ಅಲ್ಲಿಗೆ ಬರುತ್ತದೆ. ಅದರ ಉಷ್ಣತೆ 2ರಿಂದ 4 ಡಿಗ್ರಿ, ಆದರೆ ನೂರು ಮೀಟರ್ ದೂರದವರೆಗೆ ಕಾಣುವಷ್ಟು ತಿಳಿ. ಆಫ್ರಿಕಾದ ಮಲಾವಿ ಸರೋವರದಲ್ಲಿ ಸಿಕ್ಲಿಡ್ ಜಾತಿಯ ನೂರಾರು ಬಗೆಯ ಮೀನುಗಳಿದ್ದು, ಅವುಗಳಲ್ಲಿ ಹೆಚ್ಚಿನವು ಬೇರೆಲ್ಲಿಯೂ ಇಲ್ಲ. ಎಸ್ಟೋನಿಯಾದ ರುಮ್ಮು ಎಂಬಲ್ಲಿ ಸೋವಿಯತ್ ಕಾಲದ ಸೆರೆಮನೆಯ ಕೈದಿಗಳು ದುಡಿದ ಸುಣ್ಣದ ಕಲ್ಲಿನ ಕ್ವಾರಿಯಲ್ಲಿ ಪಂಪು ನಿಂತ ಮೇಲೆ ನೀರೇರಿ, ಕಟ್ಟಡಗಳ ಗೋಡೆಗಳು ಈಗಲೂ ಒಳಗೆ ನಿಂತಿವೆ.

ಇನ್ನು ಅಪಾಯದ ಪ್ರಶ್ನೆ. ಅಪಾಯವೇ ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ಸರಿಯಲ್ಲ; ಎಲ್ಲ ವ್ಯವಸ್ಥೆಯಿರುವ ಸ್ಟೋನಿ ಕೋವ್‌ನಲ್ಲಿಯೂ ವರ್ಷಗಳ ಅವಧಿಯಲ್ಲಿ ಸಾವುಗಳು ಸಂಭವಿಸಿವೆ. ಆಳ, ಚಳಿ ಮತ್ತು ಗಾಬರಿ ಒಟ್ಟಿಗೆ ಬಂದಾಗ ನಿಂತ ನೀರೂ ಕ್ಷಮಿಸುವುದಿಲ್ಲ. ಆದರೆ ಅಲ್ಲಿ ತಳದ ನಕ್ಷೆಯಿದೆ, ನೀರಿನಿಂದ ಹೊರಬರಲು ಇಳಿಜಾರು ದಾರಿಯಿದೆ, ತರಬೇತಿಯ ಪ್ರಮಾಣಪತ್ರವಿಲ್ಲದವರನ್ನು ಒಂಟಿಯಾಗಿ ಬಿಡುವ ರೂಢಿಯಿಲ್ಲ, ನೆರವಿಗೆ ಜನರಿರುತ್ತಾರೆ. ನಿಮ್ಮ ಮಗನಿಗೆ ಮೂರು ಪ್ರಶ್ನೆ ಕೇಳಿ: ಜೊತೆಗಾರನಿಲ್ಲದೆ ಎಂದಾದರೂ ಇಳಿಯುತ್ತಾನೆಯೇ? ತನ್ನ ತರಬೇತಿಯ ಮಟ್ಟಕ್ಕೆ ಹೇಳಿದ ಆಳವನ್ನು ಮೀರುತ್ತಾನೆಯೇ? ರೆಗ್ಯುಲೇಟರನ್ನು ಕಾಲಕಾಲಕ್ಕೆ ಬಿಚ್ಚಿಸಿ ಸರಿಮಾಡಿಸುತ್ತಾನೆಯೇ? ಮೊದಲೆರಡಕ್ಕೆ ‘ಇಲ್ಲ’ ಎಂದೂ ಮೂರನೆಯದಕ್ಕೆ ‘ಹೌದು’ ಎಂದೂ ತಡವರಿಸದೆ ಹೇಳಿದರೆ, ಕಡಲಿಗೆ ಹೋಗುವ ಅನೇಕರಿಗಿಂತ ಅವನು ಜಾಗರೂಕನೆಂದು ನೀವು ನಂಬಬಹುದು.

ಪ್ರಶ್ನೆ: ನಾನು ನೇತ್ರಾಣಿಯಲ್ಲಿ ಸ್ಕೂಬಾದ ಮೊದಲ ಹಂತದ ತರಬೇತಿ ಮುಗಿಸಿದ್ದೇನೆ. ಬೆಂಗಳೂರಿನ ಹೊರವಲಯದ ನಮ್ಮ ಮನೆಯ ಹತ್ತಿರ ನೀರು ತುಂಬಿದ ಹಳೆಯ ಕಲ್ಲುಕ್ವಾರಿಯಿದೆ. ವಿದೇಶಗಳಲ್ಲಿ ಮಾಡುವಂತೆ ನಾವು ಮೂವರು ಗೆಳೆಯರು ಅಲ್ಲಿ ಅಭ್ಯಾಸ ಮಾಡಬಹುದೇ?
— ಬೆಂಗಳೂರಿನ ಓದುಗರೊಬ್ಬರು

ಉತ್ತರ: ಬೇಡ. ನಿಮ್ಮ ಉತ್ಸಾಹವನ್ನು ಮೆಚ್ಚಿಯೇ ಈ ಮಾತು ಹೇಳುತ್ತಿದ್ದೇನೆ.

ಹಿಂದಿನ ಉತ್ತರದಲ್ಲಿ ಹೊಗಳಿದ ಕ್ವಾರಿಗೂ ನಿಮ್ಮ ಮನೆಯ ಹತ್ತಿರದ ಹೊಂಡಕ್ಕೂ ಕಲ್ಲು ಒಂದೇ, ನೀರು ಒಂದೇ, ಉಳಿದದ್ದೆಲ್ಲ ಬೇರೆ. ಕೆಲಸ ನಿಂತ ದಿನ ಬಿಟ್ಟುಹೋದ ಕಬ್ಬಿಣದ ಹಗ್ಗ, ಸರಳು, ಆ ಮೇಲೆ ಸುತ್ತಲಿನವರು ಎಸೆದ ಗಾಜು, ಮುಳ್ಳುಕಂಟಿ, ಬಲೆಯ ಚೂರು ತಳದಲ್ಲಿ ಎಲ್ಲೆಲ್ಲಿವೆಯೆಂದು ಹೇಳುವವರಿಲ್ಲ. ಗೋಡೆಗಳು ಕಡಿದಾಗಿರುವುದರಿಂದ ಸಿಲಿಂಡರ್ ಹೊತ್ತವನು ಹತ್ತಿ ಬರಲು ದಾರಿ ಇರುವುದಿಲ್ಲ. ಈಜು ಬಲ್ಲವರೂ ನಮ್ಮ ಕ್ವಾರಿಗಳಲ್ಲಿ ಸಾಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು. ಸಿಡಿಮದ್ದಿನಿಂದ ಬಿರುಕುಬಿಟ್ಟ ಬಂಡೆ ಮೇಲಿಂದ ಜಾರಬಹುದು. ನಗರದ ಅಂಚಿನ ಹೊಂಡಕ್ಕೆ ಚರಂಡಿಯ ನೀರು ಸೇರುತ್ತಿದ್ದರೆ ಸೋಂಕಿನ ಭಯವೂ ಇದೆ. ಇವೆಲ್ಲದರ ಮೇಲೆ, ಅಂಥ ಜಾಗಗಳು ಯಾರದೋ ಒಡೆತನದವು ಅಥವಾ ಸರ್ಕಾರದವು; ಅನುಮತಿಯಿಲ್ಲದೆ ಇಳಿಯುವುದು ತಪ್ಪು.

ನಿಮಗೆ ಬಹುಶಃ ಇನ್ನೂ ಯಾರೂ ಹೇಳದಿರುವ ಎರಡು ವಿಷಯಗಳಿವೆ. ಒಂದು, ನೇತ್ರಾಣಿಯಲ್ಲಿ ನಿಮಗೆ ಸರಿಹೊಂದಿದ, ದೇಹ ಮೇಲೇಳದಂತೆ ಕಟ್ಟಿಕೊಳ್ಳುವ ಸೀಸದ ತೂಕ ಸಿಹಿನೀರಿನಲ್ಲಿ ಸರಿಹೊಂದುವುದಿಲ್ಲ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇಕಡ 2.5ರಷ್ಟು ಹೆಚ್ಚು ಸಾಂದ್ರ. ಸಲಕರಣೆ ಸೇರಿ 100 ಕಿಲೋ ತೂಗುವವನಿಗೆ ಸಿಹಿನೀರಿನಲ್ಲಿ ಎರಡೂವರೆ ಕಿಲೋ ಸೀಸ ಕಡಿಮೆ ಸಾಕು. ಆ ಲೆಕ್ಕ ಮರೆತು ಹಳೆಯ ತೂಕವನ್ನೇ ಕಟ್ಟಿಕೊಂಡು ಇಳಿದವನು ಕಲ್ಲಿನಂತೆ ತಳ ಸೇರುತ್ತಾನೆ. ಇನ್ನೊಂದು, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ನಿಮಗೆ ಕಲಿಸಿದ ಕಾಲಮಿತಿಯ ಕೋಷ್ಟಕಗಳು ಸಮುದ್ರಮಟ್ಟಕ್ಕಾಗಿ ಮಾಡಿದವು. 300 ಮೀಟರ್‌ಗಿಂತ ಎತ್ತರದ ಕೆರೆಯಲ್ಲಿ ಮುಳುಗುವುದಕ್ಕೆ ಬೇರೆ ಲೆಕ್ಕ, ಬೇರೆ ತರಬೇತಿ ಇದೆ. ಮೇಲೆ ಬಂದಾಗ ಅಲ್ಲಿನ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಆಳದ ಒತ್ತಡಕ್ಕೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಹೊರಬರುವ ಸಾಧ್ಯತೆ ಹೆಚ್ಚುತ್ತದೆ.

ಇದೇ ಕಾರಣದಿಂದ ನೇತ್ರಾಣಿಗೆ ಹೋಗುವ ಎಲ್ಲ ಬೆಂಗಳೂರಿನವರಿಗೂ ಒಂದು ಮಾತು ಹೇಳಲೇಬೇಕು. ಮುಳುಗಿದ ಮೇಲೆ ವಿಮಾನ ಏರುವ ಮುನ್ನ, ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿದ ಸಲಹೆ. ಸುಮಾರು 600 ಮೀಟರ್‌ಗಿಂತ ಎತ್ತರಕ್ಕೆ ರಸ್ತೆಯಲ್ಲಿ ಏರುವುದಕ್ಕೂ ಅದೇ ಎಚ್ಚರ ಅನ್ವಯಿಸುತ್ತದೆ. ಭಾನುವಾರ ಬೆಳಿಗ್ಗೆ ಎರಡು ಸಲ ಮುಳುಗಿ, ಮಧ್ಯಾಹ್ನ 12 ಗಂಟೆಗೆ ಮುಗಿಸಿದವರಿಗೆ ಆ 18 ಗಂಟೆ ತುಂಬುವುದು ಸೋಮವಾರ ಬೆಳಿಗ್ಗೆ 6ಕ್ಕೆ. ಆದರೆ ಹೆಚ್ಚಿನವರು ಸೋಮವಾರದ ಕೆಲಸಕ್ಕೆ ತಲುಪಬೇಕೆಂದು ಭಾನುವಾರ ಸಂಜೆಯೇ ಘಟ್ಟ ಹತ್ತುತ್ತಾರೆ. ಒಂದು ದಿನ ರಜೆ ಹೆಚ್ಚು ಹಾಕಿ, ಆ ರಾತ್ರಿ ಕರಾವಳಿಯಲ್ಲಿಯೇ ಉಳಿಯಿರಿ.

ಅಭ್ಯಾಸಕ್ಕೆ ನಿಮಗೆ ಸದ್ಯಕ್ಕೆ ಒದಗುವುದು ತರಬೇತುದಾರರಿರುವ ಆಳವಾದ ಈಜುಕೊಳ. ಅದು ಕ್ವಾರಿಯಷ್ಟು ಪಾಠ ಕಲಿಸುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ನಮ್ಮಲ್ಲಿಯೂ ಒಂದೆರಡು ಕ್ವಾರಿಗಳನ್ನು ಶುಚಿಮಾಡಿ, ತಳದ ನಕ್ಷೆ ತಯಾರಿಸಿ, ಇಳಿಯುವ ದಾರಿ ಕಟ್ಟಿ, ಮೇಲ್ವಿಚಾರಣೆಯಲ್ಲಿ ತೆರೆದರೆ ಅಗ್ನಿಶಾಮಕ ದಳದವರಿಗೂ ನಿಮ್ಮಂಥವರಿಗೂ ಉಪಯೋಗವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಆಗುವವರೆಗೆ ಆ ಹೊಂಡದ ದಡಕ್ಕೂ ಹೋಗಬೇಡಿ.

ಪ್ರಶ್ನೆ: ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿರುವ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟನ್ನು ಸ್ಕೂಬಾ ಮೂಲಕ ನೋಡಲು ಸಾಧ್ಯವೇ?
— ಸಾಗರದ ಓದುಗರೊಬ್ಬರು

ಉತ್ತರ: ನಿಮ್ಮ ಪ್ರಶ್ನೆ ನನಗೂ ಪ್ರಿಯವಾದದ್ದು. ಜೋಗದ ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿದ ಆ ಹಳೆಯ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಸಿದ್ಧವಾದಾಗ ಅದರ ನೀರಿನಲ್ಲಿ ಮುಳುಗಿತು. ಅದರೊಡನೆ ಎಷ್ಟೋ ಮನೆ, ಗದ್ದೆ, ತೋಟಗಳೂ ಮುಳುಗಿದವು. ಮುಳುಗಿದ ಊರನ್ನು ಮತ್ತೆ ನೋಡಬೇಕೆಂಬ ಹಂಬಲ ಹಿನ್ನೀರಿನ ದಡದ ಜನರಿಗಿಂತ ಹೆಚ್ಚಾಗಿ ಬೇರೆ ಯಾರಿಗಿದ್ದೀತು?

ಆದರೂ ಅಲ್ಲಿ ಮುಳುಗುವುದು ಕ್ವಾರಿಯಲ್ಲಿ ಮುಳುಗಿದಂತಲ್ಲ. ಅದು ವಿದ್ಯುತ್ ಯೋಜನೆಯ ಜಲಾಶಯ, ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಒರತೆಯಿಂದ ತುಂಬುವ ಕ್ವಾರಿಯಂತೆ ಇರದೆ, ಅದು ಮಲೆನಾಡಿನ ಮಳೆಯಿಂದ ತುಂಬುವುದರಿಂದ ಪ್ರತಿ ಮಳೆಗಾಲವೂ ಹೊಳೆಗಳು ಕೆಂಪು ಮಣ್ಣನ್ನು ತಂದು ಸುರಿಯುತ್ತವೆ. ಆ ಮಣ್ಣು ತಳದಲ್ಲಿ ಕುಳಿತಿರುತ್ತದೆ, ಕೈ ಆಡಿಸಿದರೆ ಏಳುತ್ತದೆ. ಮುಳುಗಿದ ಕಾಡಿನ ಮರದ ಬೊಡ್ಡೆಗಳು, ಮೀನಿನ ಬಲೆಗಳು ಸಲಕರಣೆಗೆ ಸಿಕ್ಕಿಕೊಳ್ಳುತ್ತವೆ. ನೀರಿನ ಮಟ್ಟ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಬಹಳವಾಗಿ ಏರಿಳಿಯುವುದರಿಂದ ಒಂದು ತಿಂಗಳಲ್ಲಿ ಅಳೆದ ಆಳ ಮುಂದಿನ ತಿಂಗಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಅದೃಷ್ಟವಶಾತ್ ಆ ಅಣೆಕಟ್ಟನ್ನು ನೋಡಲು ಮುಳುಗಲೇಬೇಕೆಂದಿಲ್ಲ. ಮಳೆ ಕಡಿಮೆಯಾದ ವರ್ಷದ ಬೇಸಿಗೆಯಲ್ಲಿ ನೀರು ತಗ್ಗಿದಾಗ ಅದರ ಕಟ್ಟೆಯೂ ಹೆಚ್ಚಿನ ನೀರನ್ನು ಹೊರಬಿಡುತ್ತಿದ್ದ ಸೈಫನ್‌ಗಳ ಕಟ್ಟಡವೂ ತಾವಾಗಿಯೇ ಹೊರಗೆ ಕಾಣಿಸಿಕೊಳ್ಳುತ್ತವೆ. ಅಂಥ ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಣಗಿದಂತೆ ಕಾಣುವ ಹಿನ್ನೀರಿನ ನೆಲ ಅಲ್ಲಲ್ಲಿ ಮೊಣಕಾಲುದ್ದ ಹೂಳುವ ಕೆಸರಾಗಿರುತ್ತದೆ.